ಎಲ್ಲರ ಬಿಪಿಯೂ 130/80!

ಮಾನ್ಯರೇ,

ಕಳೆದ ವಾರ ಅಮ್ಮನನ್ನು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದೆ. ಬಿಪಿ ಯಂತ್ರದ ಪಟ್ಟಿಯಲ್ಲಿ ಗಾಳಿಯೇ ನಿಲ್ಲುತ್ತಿರಲಿಲ್ಲ. ಆದರೂ ಸಿಸ್ಟರ್ ರಿಜಿಸ್ಟರಿನಲ್ಲಿ 130/80 ಎಂದು ಬರೆದರು. ಇಣುಕಿದರೆ ಮೇಲಿನ ಆರು ಸಾಲಲ್ಲೂ ಅದೇ ಅಂಕಿ. ಜಗಳವಾಡಲು ಮನಸ್ಸು ಬರಲಿಲ್ಲ. ಹೊರಗೆ ಉದ್ದದ ಸಾಲು, ಒಳಗೆ ಅವರೊಬ್ಬರೇ.

ಸರ್ಕಾರಿ ಆಸ್ಪತ್ರೆಗಳ ಗುಣಮಟ್ಟ ಅಳೆಯುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಎನ್‌ಕ್ಯುಎಎಸ್ (ರಾಷ್ಟ್ರೀಯ ಗುಣಮಟ್ಟ ಖಾತರಿ) ಮಾನದಂಡ 2013ರಲ್ಲೇ ಬಂತು. 2015ರಲ್ಲಿ ಸ್ವಚ್ಛತೆಗೆ ‘ಕಾಯಕಲ್ಪ’, 2017ರಲ್ಲಿ ಹೆರಿಗೆ ಕೊಠಡಿಗಳಿಗೆ ‘ಲಕ್ಷ್ಯ’ ಬಂದವು. ಕಾಯಕಲ್ಪದ ಪುಣ್ಯ, ಎಷ್ಟೋ ಕಡೆ ಶೌಚಾಲಯಕ್ಕೆ ಮೂಗು ಮುಚ್ಚದೆ ಹೋಗಬಹುದು. ಆದರೆ ತಪಾಸಣಾ ತಂಡ ಬರುವ ವಾರ ಮಾತ್ರ ಸುಣ್ಣಬಣ್ಣ, ಫಲಕ, ಕಡತಗಳ ಭರಾಟೆ. ರೋಗಿಗೆ ಗುಣವಾಯಿತೇ ಎಂಬ ಪ್ರಶ್ನೆ ಅದರಲ್ಲಿ ಎಲ್ಲೋ ಕಳೆದುಹೋಗುತ್ತದೆ.

2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಅಳತೆ ನನಗೆ ಹಿಡಿಸಿತು. ನೋಂದಾಯಿತ ರೋಗಿಗಳಲ್ಲಿ ಎಷ್ಟು ಜನರ ಬಿಪಿ 140/90ಕ್ಕಿಂತ ಕೆಳಗಿದೆ, ಮಾತ್ರೆಗೆ ಬಾರದೆ ತಪ್ಪಿಸಿಕೊಂಡವರೆಷ್ಟು? ಈ ಎರಡು ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ ಪ್ರತಿ ಕೇಂದ್ರದ ಹೊರಗೋಡೆಯ ಮೇಲೆ ಬರೆಯಲಿ. ಅದಕ್ಕೂ ಮೊದಲು ಕೆಲಸ ಮಾಡುವ ಯಂತ್ರ ಕೊಡಿ, ಇನ್ನೊಬ್ಬ ಸಿಸ್ಟರನ್ನು ನೇಮಿಸಿ. ಅಂಕಿ ಕೆಟ್ಟದಿದ್ದರೆ ನೋಟಿಸ್ ಕೊಡುವ ಚಾಳಿಯನ್ನೂ ಬಿಡಿ. ಇಲ್ಲವಾದರೆ ಗೋಡೆಯ ಮೇಲೂ 130/80ರದ್ದೇ ಕಾರುಬಾರು.

ಅಂದಹಾಗೆ, ಅದೇ ಸಂಜೆ ಮೆಡಿಕಲ್ ಶಾಪಿನಲ್ಲಿ ಅಮ್ಮನ ಬಿಪಿ 168/96 ಇತ್ತು.

– ಓರ್ವ ಓದುಗ, ತುಮಕೂರು ಜಿಲ್ಲೆ