ಆ ಹ್ಯಾಂಡಲ್ ಗಂಟೆ ಬಾರಿಸುವುದಕ್ಕಲ್ಲ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯ ಕೊನೆಯ ಪುಟದಲ್ಲಿ ಬಂದಿದ್ದ ‘ಚಕ್ರದ ಮೇಲೊಂದು ಚರ್ಚು’ ಚಿತ್ರ ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಹಳೇ ಫೋರ್ಡ್ ಕಾರಿನ ಬೆನ್ನ ಮೇಲೆ ಪುಟ್ಟದೊಂದು ಇಗರ್ಜಿ, ಬಣ್ಣದ ಗಾಜಿನ ಕಿಟಕಿ, ನೆತ್ತಿಯಲ್ಲಿ ಚೂಪು ಗೋಪುರ. ಆದರೆ ಕೆಳಗೆ ‘ಕಾರಿನ ಮುಂದಿನ ಹ್ಯಾಂಡಲ್ ತಿರುಗಿಸಿ ಪಾದ್ರಿ ಗಂಟೆ ಬಾರಿಸುತ್ತಿದ್ದರು’ ಎಂದಿದೆಯಲ್ಲ, ಅದನ್ನು ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸುಗಳ ಅಡಿಯಲ್ಲಿ ಮಲಗಿ ಸಂಸಾರ ಸಾಕಿದವನು ನಾನು. ಅದು ಗಂಟೆಯದ್ದಲ್ಲ ಸ್ವಾಮಿ, ಎಂಜಿನ್ ಸ್ಟಾರ್ಟ್ ಮಾಡುವ ಹ್ಯಾಂಡಲ್. ಅದನ್ನು ಹೊಡೆಯುವಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಕಡೆಗೇ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಬೆರಳೋ ಮಣಿಕಟ್ಟೋ ಹೋಯಿತೆಂದೇ ಲೆಕ್ಕ. ನನಗಿದನ್ನು ಕಲಿಸಿದ ಮೇಸ್ತ್ರಿಯ ಬಲಗೈ ಹೆಬ್ಬೆರಳು ಕೊನೆಯವರೆಗೂ ಸೊಟ್ಟಗೇ ಇತ್ತು.

‘ಜಗತ್ತಿನ ಮೊದಲ ಸಂಚಾರಿ ಚರ್ಚು’ ಎಂದದ್ದೂ ಸರಿಯಲ್ಲ. ಚಿತ್ರದಲ್ಲಿರುವುದು ನ್ಯೂಯಾರ್ಕಿನ ಬ್ರ್ಯಾನ್‌ಫರ್ಡ್ ಕ್ಲಾರ್ಕ್ ಎಂಬ ಪ್ರಚಾರಕರ ಗಾಡಿ, 1922ರದು. ಅದಕ್ಕೂ ಐದು ವರ್ಷ ಮೊದಲು, 1917ರಲ್ಲಿ, ಬಾಸ್ಟನ್ನಿನ ಡೇವಿಡ್ ಗೋಲ್ಡ್‌ಸ್ಟೈನ್ ಮತ್ತು ಮಾರ್ಥಾ ಮೂರ್ ಏವರಿ ಫೋರ್ಡ್ ಗಾಡಿಯೊಂದನ್ನೇ ಪೀಠ ಮಾಡಿಕೊಂಡು ಬೀದಿಯಲ್ಲಿ ಕ್ಯಾಥೊಲಿಕ್ ಧರ್ಮದ ಭಾಷಣ ಶುರುಮಾಡಿದ್ದರು. ಇಬ್ಬರೂ ಹಿಂದೆ ಸಮಾಜವಾದಿಗಳು, ಬೀದಿ ಭಾಷಣ ಅವರಿಗೆ ಹೊಸದೇನಲ್ಲ. ಇನ್ನು ರೈಲನ್ನೂ ಲೆಕ್ಕಕ್ಕೆ ಹಿಡಿದರೆ, ನಾರ್ತ್ ಡಕೋಟಾದ ಬಿಷಪ್ ವಾಕರ್ 1890ರಲ್ಲೇ ಒಂದು ಬೋಗಿಯನ್ನು ಚರ್ಚು ಮಾಡಿಸಿಕೊಂಡು ತಿರುಗುತ್ತಿದ್ದರು.

ಕ್ಲಾರ್ಕ್ ಅವರ ಕೆಲಸಗಾರಿಕೆಯನ್ನು ಮೆಚ್ಚಬೇಕಾದ್ದೇ. ಆ ಗೋಪುರ ಮಡಚುತ್ತದೆ, ಗ್ಯಾರೇಜಿನೊಳಗೆ ಹೋಗಬೇಕಲ್ಲ! ನಮ್ಮ ಮಂಗಳೂರು ದಸರಾಕ್ಕೆ ಒಮ್ಮೆ ಗೆಳೆಯರ ಟ್ಯಾಬ್ಲೋಗಾಗಿ ಟೆಂಪೋ ಮೇಲೆ ಕಬ್ಬಿಣದ ಗೋಪುರ ವೆಲ್ಡ್ ಮಾಡಿಕೊಟ್ಟಿದ್ದೆ. ತುದಿಗೆ ಕೀಲು ಕೂರಿಸಬೇಕೆಂದು ತೋಚಲಿಲ್ಲ. ರಾತ್ರಿಯಿಡೀ ಇಬ್ಬರು ಹುಡುಗರು ಟಾಪಿನ ಮೇಲೆ ನಿಂತು, ಬೀದಿಗೆ ಅಡ್ಡ ಬಂದ ಒಂದೊಂದೇ ತಂತಿಯನ್ನು ಬಿದಿರಿನ ಕೋಲಿನಲ್ಲಿ ಎತ್ತಿ ದಾಟಿಸಿದರು. ಕ್ಲಾರ್ಕ್ ಅವರ ಮುಂದೆ ನಾನು ಅಲ್ಲೇ ಸೋತೆ.

ಆದರೆ ನೂರು ವರ್ಷದಿಂದ ಎಲ್ಲರೂ ‘ಆಹಾ’ ಎನ್ನುತ್ತಿರುವ ಈ ಚಿತ್ರದ ಪಕ್ಕದಲ್ಲಿ ಇನ್ನೊಂದು ಮಾತೂ ಇರಬೇಕಿತ್ತು. ಕ್ಲಾರ್ಕ್ ‘ಪಿಲ್ಲರ್ ಆಫ್ ಫೈರ್’ ಪಂಥದವರು. ಅದರ ಮುಖ್ಯಸ್ಥೆ, ಬಿಷಪ್ ಆಲ್ಮಾ ವೈಟ್, 1925ರಿಂದ 1928ರೊಳಗೆ ಕರಿಯರನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಎಂಬ ಅಮೆರಿಕದ ಗುಂಪನ್ನು ಹಾಡಿ ಹೊಗಳಿ ಮೂರು ಪುಸ್ತಕ ಬರೆದರು. ಅವುಗಳ ಚಿತ್ರ ಬಿಡಿಸಿದವರು ಇದೇ ಕ್ಲಾರ್ಕ್. ಮುಖ ಮುಚ್ಚಿಕೊಂಡು ಬರುವ ಬಿಳಿ ನಿಲುವಂಗಿಯವರು ಆ ಚಿತ್ರಗಳಲ್ಲಿ ದೇಶ ಕಾಯುವವರು, ಕ್ಯಾಥೊಲಿಕರು ದೇಶಕ್ಕೆ ಬಂದ ಗಂಡಾಂತರ. ಗೋಪುರ ಮಡಚಿದ ಕೈಯೂ ಅದೇ, ಈ ಚಿತ್ರ ಬಿಡಿಸಿದ ಕೈಯೂ ಅದೇ. ಇದನ್ನು ಬಿಟ್ಟು ಬರೀ ಬಣ್ಣದ ಗಾಜು ತೋರಿಸಿದರೆ, ಬರೀ ಬಾಡಿ ನೋಡಿ ಬಸ್ಸಿಗೆ ಎಫ್‌ಸಿ (ಓಡಲು ಯೋಗ್ಯ ಎಂಬ ಪತ್ರ) ಕೊಟ್ಟಂತೆ.

ಅದೇ ಕಾಲದಲ್ಲಿ, ಅದೇ ಫೋರ್ಡ್ ಚಾಸಿಯ (ಗಾಡಿಯ ಅಡಿ ಚೌಕಟ್ಟಿನ) ಮೇಲೆ ಓಡಿದ ಇನ್ನೊಂದು ಗಾಡಿಯಿದೆ. ಅದರಲ್ಲಿ ಗೋಪುರವಿಲ್ಲ, ನೋಡಲು ಹಳೇ ಅಂಚೆ ವ್ಯಾನಿನಂತೆ ಒಂದು ಪೆಟ್ಟಿಗೆ. 1920ರಲ್ಲಿ ಇಂಗ್ಲೆಂಡಿನ ಕಂಬರ್‌ಲ್ಯಾಂಡಿನಿಂದ ಇವಾ ಹ್ಯಾಸೆಲ್ ಎಂಬಾಕೆ ಗೆಳತಿ ವಿನಿಫ್ರೆಡ್ ಟೈಸ್‌ಹರ್ಸ್ಟ್ ಜತೆ ಕೆನಡಾಕ್ಕೆ ಬಂದು, ರೆಜೈನಾ ಊರಿನಿಂದ ಪ್ರೇರಿ ಬಯಲಿಗೆ ಇದನ್ನು ಇಳಿಸಿದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ದೂರ, ಚರ್ಚು ಇನ್ನೂ ದೂರ. ಇವರು ಹೋಗಿ ಮಕ್ಕಳನ್ನು ಸೇರಿಸಿ ಭಾನುವಾರದ ಪಾಠ ಹೇಳಿ, ಮುಂದಿನ ಪಾಠ ಅಂಚೆಯಲ್ಲಿ ಬರುವಂತೆ ಹೆಸರು ಬರೆದುಕೊಂಡು, ರಾತ್ರಿ ಅದೇ ವ್ಯಾನಿನೊಳಗೆ ಮಲಗಿ, ಬೆಳಗ್ಗೆ ಮುಂದಿನ ಊರಿಗೆ.

ಆ ಗಾಡಿ ಓಡಿಸುವುದೆಂದರೇನು ಗೊತ್ತೇ? 20 ಅಶ್ವಶಕ್ತಿ, ಇವತ್ತಿನ ಎರಡು ಆಟೋರಿಕ್ಷಾ ಸೇರಿದರೆ ಆಗುವಷ್ಟು. ಆಕ್ಸಿಲರೇಟರ್ ಕಾಲಿಗಿಲ್ಲ, ಸ್ಟೀರಿಂಗ್ ಬುಡದ ಕೈಲಿವರ್. ಕಾಲಿಗೆ ಮೂರು ಪೆಡಲ್, ನಡುವಿನದ್ದು ರಿವರ್ಸ್. ಲೋ ಗೇರಿನಲ್ಲಿ ಹೋಗುವಷ್ಟು ಹೊತ್ತೂ ಎಡಗಾಲಿನ ಪೆಡಲನ್ನು ಒತ್ತಿಯೇ ಹಿಡಿದಿರಬೇಕು, ತೊಡೆ ಬಿದ್ದುಹೋಗುತ್ತದೆ. ಪೆಟ್ರೋಲ್ ಟ್ಯಾಂಕ್ ಸೀಟಿನಡಿ, ಪಂಪಿಲ್ಲ, ಇಳಿಜಾರಿನಲ್ಲಿ ನೀರು ಹರಿದಂತೆ ತಾನಾಗಿ ಹರಿಯಬೇಕು. ಟ್ಯಾಂಕಿನಲ್ಲಿ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಮುಂದಿನ ಎಂಜಿನ್‌ಗೆ ಪೆಟ್ರೋಲ್ ತಲುಪುವುದೇ ಇಲ್ಲ. ಆ ಫೋರ್ಡ್ ಓಡಿಸಿದವರು ಕಂಡುಕೊಂಡ ಉಪಾಯ, ಗಾಡಿಯನ್ನು ತಿರುಗಿಸಿ ರಿವರ್ಸಿನಲ್ಲೇ ಗುಡ್ಡ ಹತ್ತುವುದು.

ಮಳೆ ಬಂದರೆ ಪ್ರೇರಿಯ ಮಣ್ಣು ‘ಗಂಬೋ’, ಅಂದರೆ ಅಂಟಂಟು ಕೆಸರು, ಆಗುತ್ತದೆ. ಆ ಹೆಸರು ಓದಿದಾಗ ನನಗೆ ನೆನಪಾದದ್ದು ಗದಗ ಡಿಪೋದ ದಿನಗಳು. ಎರೆ ನೆಲದ ಹಾದಿಯಲ್ಲಿ ಮಳೆಗೆ ಸಿಕ್ಕ ಬಸ್ಸು ಡಿಪೋಗೆ ಬಂದರೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಷ್ಟು ಮಣ್ಣು. ಒಣಗಿತೆಂದರೆ ಇಟ್ಟಿಗೆ. ಸಲಾಕೆ ತಂದು ತಿವಿದು ತಿವಿದು ಕೆಡವುತ್ತಿದ್ದೆವು, ಅದೂ ನಾಲ್ಕು ಜನ ಗಂಡಸರು. ಹಳ್ಳಿಯಿಲ್ಲದ ಬಯಲಲ್ಲಿ ಇಬ್ಬರು ಹೆಂಗಸರು ಆ ಕೆಲಸ ಹೇಗೆ ಮಾಡಿದರೋ.

ಮೊದಮೊದಲು ಇದು ಹೆಂಗಸರ ಕೈಲಾಗುವ ಕೆಲಸವೇ ಎಂದು ಅನುಮಾನಪಟ್ಟವರಿದ್ದರು. ಆಮೇಲೆ ಒಂದೇ ಇದ್ದ ವ್ಯಾನು ಸುಮಾರು ಮೂವತ್ತಾಯಿತು. ಪ್ರತಿ ವ್ಯಾನಿಗೆ ಇಬ್ಬರು ಹುಡುಗಿಯರು, ಒಬ್ಬಳು ಡ್ರೈವರೂ ಮೆಕ್ಯಾನಿಕ್ಕೂ, ಇನ್ನೊಬ್ಬಳು ಟೀಚರು. ಹ್ಯಾಸೆಲ್ ಬಹುಕಾಲ ಐರಿಸ್ ಸೇಲ್ ಎಂಬ ಗೆಳತಿಯ ಜತೆ, ವರ್ಷ ವರ್ಷ ಬೇಸಿಗೆಗೆ ಕಡಲು ದಾಟಿ ಬರುತ್ತಲೇ ಇದ್ದರು. ತೀರಿಕೊಂಡದ್ದು 1974ರಲ್ಲಿ. ಅವರ ಆಂಗ್ಲಿಕನ್ ಸಭೆ ಕೆನಡಾದಲ್ಲಿ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಡತೊಡಗಿದ್ದು 1976ರಲ್ಲಿ. ಅಂದರೆ ಅಷ್ಟು ವರ್ಷ ಚರ್ಚನ್ನು ಮನೆಬಾಗಿಲಿಗೆ ಒಯ್ದವರಿಗೆ, ತಮ್ಮ ಸಭೆಯ ಬಲಿಪೀಠದಲ್ಲಿ ಪೂಜೆ ನಡೆಸುವ ಹಕ್ಕು ಕೊನೆಗೂ ಸಿಗಲಿಲ್ಲ. ಆಕೆ ಅದನ್ನು ಬಯಸಿದ್ದರೇ ಎಂಬುದು ಬೇರೆ ಮಾತು.

ಹಾಗಾಗಿ ಪುರವಣಿಯಲ್ಲಿ ಜಾಗವಿದ್ದರೆ ಈ ಪೆಟ್ಟಿಗೆ ವ್ಯಾನಿನ ಚಿತ್ರವನ್ನೂ ಒಮ್ಮೆ ಹಾಕಿ. ನೋಡಲು ಅಷ್ಟೇನೂ ಚೆನ್ನಾಗಿಲ್ಲ, ಒಪ್ಪಿದೆ. ಹ್ಯಾಂಡಲ್ ವಿಷಯವನ್ನಂತೂ ತಪ್ಪದೆ ತಿದ್ದಬೇಕು. ನನ್ನ ಮೊಮ್ಮಗ ಶಾಲೆಯ ಗೋಡೆಪತ್ರಿಕೆಗೆ ನೀವು ಬರೆದದ್ದನ್ನೇ ನಕಲು ಮಾಡಿ ಅಂಟಿಸಿ ಬಂದಿದ್ದಾನೆ. ಅಜ್ಜ ಹೇಳಿದ್ದು ಅವನಿಗೆ ಸಾಲದು, ಪೇಪರಿನಲ್ಲಿ ಬರಬೇಕಂತೆ.

ಇತಿ,
ನಿವೃತ್ತ ಬಸ್ ಮೆಕ್ಯಾನಿಕ್, ಮಂಗಳೂರು