ರವಿವಾರ ಬಾದಾಮಿ ಗುಡ್ಡಕ್ಕ ಹೊಂಟವ್ರಿಗೆ

ಎಲ್ಲಾರಿಗೂ ನಮಸ್ಕಾರ್ರಿ, ರವಿವಾರ ನಸುಕಿನ್ಯಾಗ ಕೊಪ್ಪಳದಿಂದ ಬಿಡೋದು, ಈ ಸಲ ಗುಹೆ ಆಮ್ಯಾಲೆ, ಮೊದ್ಲ ಬಂಡೆ ನೋಡೋಣ. ನಮ್ಮ ಆನೆಗೊಂದಿ ಕಡೆ ಇರೋದು ಗ್ರಾನೈಟ್, ದುಂಡನ್ನ ಗುಂಡು ಒಂದರ ಮ್ಯಾಲೊಂದು ಕುಂತಿರ್ತಾವು, ಬಾದಾಮ್ಯಾಗ ಹಂಗಲ್ರಿ, ಅದು ಮರಳುಗಲ್ಲು, ಕೋಟಿಗಟ್ಲೆ ವರ್ಷದ ಹಿಂದ ನೀರು ತಂದು ಹಾಕಿದ ಉಸುಕು ಪದರ ಪದರಾಗಿ ಗಟ್ಟಿಯಾಗಿದ್ದು, ಕಬ್ಬಿಣದ ಅಂಶ ಇರೋದ್ರಿಂದನ ಆ ಕೆಂಪು ಬಣ್ಣ. ಬಿರುಕಿನ್ಯಾಗ ಮಳಿನೀರು ಇಳದು ಇಳದು ಸಂದಿ ಅಗಲ ಆಗ್ಯಾವು, ಮ್ಯೂಸಿಯಂ ಹಿಂದಿಂದ ಉತ್ತರದ ಕೋಟೆಗೆ ಹತ್ತೋ ದಾರಿ ಅಂಥಾ ಸಂದ್ಯಾಗ ಹಾದು ಹೋಗತೈತಿ, ಅಲ್ಲಿ ಸೆಲ್ಫಿ ಅವಸರ ಬ್ಯಾಡ್ರಿ, ನಿಂತು ತಲಿ ಎತ್ತಿ ನೋಡ್ರಿ, ನನಗಂತೂ ಇಡೀ ಊರಾಗ ಅದಕ್ಕಿಂತ ಚೆಂದ ಜಾಗ ಇಲ್ಲ.

ಆಮ್ಯಾಲೆ ಸಿಡಿಲಪಡಿಗೆ ನಡಕೋತ ಹೋಗೋದು. ತಾನಾಗೇ ಆದ ಕಲ್ಲಿನ ಕಮಾನು ಅದು, ಮ್ಯಾಲಿನ ತೂತಿನಿಂದ ಬೆಳಕು ಒಳಗ ಬೀಳ್ತದ, ಆದಿಮಾನವರು ಬರೆದ ಚಿತ್ರ ಅದಾವು, ಮಾಸಿದಾವು ಅಂತ ನೀರು ಹಚ್ಚಿ ಫೋಟೊ ತಗೀಬ್ಯಾಡ್ರಿ, ಕೈಯೂ ಹಚ್ಚಬ್ಯಾಡ್ರಿ.

ಇನ್ನೊಂದು ಮಾತು. ಈ ಕಲ್ಲು ಕೆತ್ತಾಕ ಮೆತ್ತಗ, ಅದಕ್ಕ ಚಾಲುಕ್ಯರು ಅಂಥಾ ಗುಹೆ ಕೊರೆದ್ರು, ಮೂರನೇ ಗುಹೆದಾಗ 578ರ ಶಾಸನನ ಐತಿ, ಆದ್ರ ಅದೇ ಕಾರಣಕ್ಕ ಕೀಲಿಕೈಲೆ ಗೀರಿದ ಹೆಸರೂ ಹಂಗೇ ಉಳೀತದ, ನೋಡಿದ್ರ ಹೊಟ್ಟಿ ಉರೀತದ್ರಿ, ಹುಡುಗ್ರಿಗೆ ಮನ್ಯಾಗ ಹೇಳೇ ಕರಕೊಂಡ್ ಬರ್ರಿ. ಹಿಂದಿನ ದಿನ ಮಳಿ ಬಂದ್ರ ಬಂಡೆ ಹತ್ತೋದು ಕ್ಯಾನ್ಸಲ್, ತೊಯ್ದ ಮರಳುಗಲ್ಲು ಹಿಡಿದಲ್ಲೇ ಕಿತ್ತು ಬರ್ತದ.

ಮಂಗ್ಯಾ ಭಾಳ, ಬುತ್ತಿ ಚೀಲದ ಒಳಗ ಇರ್ಲಿ. ನೀರು ಜಾಸ್ತಿ ತರ್ರಿ. ಬರೋರು ಶುಕ್ರವಾರ ಸಂಜಿ ಒಳಗ ಇಲ್ಲೇ ಹೆಸರು ಹಾಕ್ರಿ, ಗಾಡಿ ಹೇಳಬೇಕು.