ಗೆಳೆಯನಿಗೊಂದು ಪತ್ರ: ಪಟ್ಟಿಯಲ್ಲಿ ಹೆಸರಿಲ್ಲದವರು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಕೊರೊನಾ ಕಾಲವನ್ನು ಸರ್ಕಾರ ಒಟ್ಟಾರೆ ಚೆನ್ನಾಗೇ ನಿಭಾಯಿಸಿತು, ಆಮೇಲೆ ವ್ಯಾಪಾರ ವಹಿವಾಟೂ ಬೇಗ ಚೇತರಿಸಿಕೊಂಡಿತು, ಊರ ಕಡೆ ಜನ ಏನಂತಾರೆ ಅಂತ ಕೇಳಿದ್ದೀಯಲ್ಲ. ಇಲ್ಲಿ ಜನ ಒಂದೇ ಮಾತು ಹೇಳುವುದಿಲ್ಲ ಮಾರಾಯಾ. ಘಟ್ಟದ ಮೇಲೆ ಶಿರಸಿಯಲ್ಲಿ ಕೇಳಿದರೆ ಒಂದು ಮಾತು. ಕೆಳಗಿಳಿದು ತದಡಿ ಬಂದರಿನಲ್ಲಿ ಕೇಳಿದರೆ ಇನ್ನೊಂದು. ನಾನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತವನು. ಆ ಎರಡು ವರ್ಷ ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಲು ಬಂದವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ನೋಡಿದ್ದೇನೆ. ಅದನ್ನೇ ಬರೆಯುತ್ತೇನೆ.

ಮೊದಲು ಶಿರಸಿ ಕಡೆಯ ಮಾತು. 2020ರ ಮಾರ್ಚ್ ಮೊದಲ ವಾರ ಮಾರಿಕಾಂಬಾ ಜಾತ್ರೆ ನಡೆಯಿತು. ಲಕ್ಷಗಟ್ಟಲೆ ಜನ ಸೇರಿದ್ದರು. ಅದೇ ತಿಂಗಳು 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಇನ್ನು ನಾಲ್ಕು ಗಂಟೆಯಲ್ಲಿ ಇಡೀ ದೇಶ ಬಂದ್ ಅಂದರು. ಅಡಿಕೆ ವ್ಯಾಪಾರ ನಿಂತಿತು. ಗುಟ್ಕಾ, ಪಾನ್ ಮಸಾಲೆ ಕಾರ್ಖಾನೆ ಮುಚ್ಚಿದವು, ಉತ್ತರ ಭಾರತಕ್ಕೆ ಲಾರಿ ಹೋಗಲಿಲ್ಲ. ಬೆಳೆಗಾರರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಆದದ್ದು ನಿನಗೂ ಗೊತ್ತು. ಮಾರುಕಟ್ಟೆ ತೆರೆದ ಮೇಲೆ ದರ ಏರುತ್ತಲೇ ಹೋಯಿತು, 2021ರಲ್ಲಿ ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರದ ಹತ್ತಿರ ಬಂತು. ತೋಟ ಇದ್ದವರ ಸಾಲ ತೀರಿತು, ಮನೆಗೆ ಹೊಸ ಹಂಚು ಬಂತು, ಅಂಗಳಕ್ಕೆ ಕಾರು ಬಂತು. ಅವರನ್ನು ಕೇಳು, "ಆ ಕಷ್ಟದಲ್ಲೂ ಸರ್ಕಾರ ಸಂಭಾಳಿಸಿತಪ್ಪ" ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅವರನ್ನು ಎತ್ತಿದ್ದು ಅಡಿಕೆ ದರ. ಪರಿಹಾರದ ಹಣ ಅಲ್ಲ.

ಅದೇ ಶಿರಸಿ ತಾಲೂಕಿನ ಬನವಾಸಿ ಕಡೆ ಹೋಗು. ಅಲ್ಲಿ ಅನಾನಸ್ ಬೆಳೆ. ಲಾಕ್‌ಡೌನ್ ಆದದ್ದು ಬೇಸಿಗೆಯಲ್ಲಿ, ಹಣ್ಣು ಹೊಲದಲ್ಲಿ ನಿಂತಿದ್ದಾಗ. ದಿಲ್ಲಿ ಕಡೆ ಹೋಗಬೇಕಾದ ಮಾಲು ಹೋಗಲಿಲ್ಲ. ಅಡಿಕೆಯಾದರೆ ಒಣಗಿಸಿ ಮೂಟೆ ಕಟ್ಟಿ ಇಡಬಹುದು. ಅನಾನಸ್ ಇಡುವುದು ಎಲ್ಲಿ? ಸರ್ಕಾರ ಮೇ ತಿಂಗಳಲ್ಲಿ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15 ಸಾವಿರ ರೂಪಾಯಿ ಘೋಷಿಸಿತು. ಒಳ್ಳೆಯ ಕೆಲಸವೇ. ಆದರೆ ಇಂಥ ಪರಿಹಾರ ಬರುವುದು ಪಹಣಿ ನೋಡಿ. ಬನವಾಸಿ ಕಡೆ ಅನಾನಸ್ ಬೆಳೆಯುವವರಲ್ಲಿ ಎಷ್ಟೋ ಜನ ಗೇಣಿಗೆ ಜಾಗ ಮಾಡಿದವರು. ಸಾಲ ಅವರದು, ಗೊಬ್ಬರ ಅವರದು, ನಷ್ಟವೂ ಅವರದು. ಪಹಣಿಯಲ್ಲಿ ಹೆಸರು ಮಾತ್ರ ಜಾಗದ ಮಾಲೀಕನದು.

ನಾನು ಹೇಳಬೇಕೆಂದಿರುವುದು ಇದನ್ನೇ. ಸರ್ಕಾರ ಹಣ ಕೊಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಯಾರ ಹೆಸರು ಮೊದಲೇ ಯಾವುದೋ ಒಂದು ಪಟ್ಟಿಯಲ್ಲಿ ಇತ್ತೋ ಅವರಿಗೆ ನೆರವು ಸಲೀಸಾಗಿ ಮುಟ್ಟಿತು. ಪಟ್ಟಿಯಲ್ಲಿ ಇಲ್ಲದವರಿಗೆ ಮುಟ್ಟಲೇ ಇಲ್ಲ. ಆ ಪಟ್ಟಿಯಲ್ಲಿ ಇಲ್ಲದವರೇ ಎಲ್ಲರಿಗಿಂತ ಜಾಸ್ತಿ ಕಷ್ಟದಲ್ಲಿದ್ದವರು.

ಪಡಿತರವನ್ನೇ ನೋಡು. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ತಲೆಗೆ 5 ಕೆಜಿ ಹೆಚ್ಚುವರಿ ಅಕ್ಕಿ ಪುಕ್ಕಟೆ ಕೊಟ್ಟಿತು. ರಾಜ್ಯದ ಪಾಲು ಬೇರೆ. ನಮ್ಮ ಕರಾವಳಿಯವರು ಕುಚ್ಚಲಕ್ಕಿ ಉಣ್ಣುವವರು, ಸೊಸೈಟಿಯಲ್ಲಿ ಬರುವ ಬೆಳ್ತಿಗೆ ಅಕ್ಕಿ ಬಗ್ಗೆ ಗೊಣಗಿದ್ದೂ ಉಂಟು. ಆದರೂ ಆ ಅಕ್ಕಿಯಿಂದ ಎಷ್ಟೋ ಮನೆಯ ಒಲೆ ಉರಿಯಿತು. ಇದನ್ನು ಎಲ್ಲ ಪಕ್ಷದವರೂ ಒಪ್ಪುತ್ತಾರೆ. ಯಾಕೆ ಆಯಿತು ಅಂದರೆ ರೇಷನ್ ಕಾರ್ಡು ಮೊದಲೇ ಇತ್ತು, ಅಂಗಡಿ ಮೊದಲೇ ಇತ್ತು, ಹೆಬ್ಬೆಟ್ಟು ಒತ್ತುವ ಮಷೀನೂ ಇತ್ತು. ಹೊಸದಾಗಿ ಏನೂ ಹುಡುಕಬೇಕಾಗಿರಲಿಲ್ಲ.

ಈಗ ಇನ್ನೊಂದು ಕಡೆ ನೋಡು. 2020ರ ಮೇ 6ಕ್ಕೆ ಯಡಿಯೂರಪ್ಪನವರು 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೋ–ಟ್ಯಾಕ್ಸಿ ಓಡಿಸುವವರಿಗೆ ತಲಾ 5 ಸಾವಿರ. ಪೇಪರಿನಲ್ಲಿ ಓದಿ ನನಗೂ ಖುಷಿಯಾಗಿತ್ತು, ಕೊನೆಗೂ ಇವರ ನೆನಪಾಯಿತಲ್ಲ ಅಂತ. ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಹಾಕಬೇಕಿತ್ತು. ಅಂಗಡಿ ಮುಂದೆ ಬಿಳಿ ಸುಣ್ಣದಲ್ಲಿ ವೃತ್ತ ಬರೆದು ಜನರನ್ನು ನಿಲ್ಲಿಸಿದ್ದೆ. ಸರ್ವರ್ ಬೆಳಿಗ್ಗೆ ಸ್ವಲ್ಪ ಹೊತ್ತು ಓಡುತ್ತಿತ್ತು, ಆಮೇಲೆ ಸುತ್ತುತ್ತಲೇ ಇರುತ್ತಿತ್ತು. ಕ್ಷೌರದವರು ಆಧಾರ್ ತಂದರು, ಪಾಸ್‌ಬುಕ್ ತಂದರು. ತಾನು ಕ್ಷೌರ ಮಾಡುವವನೇ ಹೌದು ಅನ್ನುವುದಕ್ಕೆ ಒಂದು ಪ್ರಮಾಣಪತ್ರವೂ ಬೇಕಿತ್ತು. ಮೂವತ್ತು ವರ್ಷದಿಂದ ಅದೇ ಪೇಟೆಯಲ್ಲಿ ಕತ್ತರಿ ಹಿಡಿದ ಮನುಷ್ಯ, ಅವನ ಕೈಯಲ್ಲಿ ಕೂದಲು ತೆಗೆಸಿಕೊಂಡವರೇ ಆಫೀಸಿನಲ್ಲಿ ಕೂತಿದ್ದಾರೆ, ಆದರೂ ಅವನು ಕಾಗದಕ್ಕೆ ಅಲೆಯಬೇಕು. ಆಟೋದವರದ್ದು ಇನ್ನೊಂದು ತೊಡಕು. ಗಾಡಿ ಒಬ್ಬರ ಹೆಸರಲ್ಲಿ, ಓಡಿಸುವವನು ಇನ್ನೊಬ್ಬ. ಕೆಲವರಿಗೆ ಹಣ ಬಂತು, ನನಗೆ ಮೆಸೇಜ್ ತೋರಿಸಿ ನಕ್ಕು ಹೋದರು. ಇನ್ನು ಕೆಲವರು ಮಳೆಗಾಲ ಮುಗಿದರೂ "ನಂದು ಏನಾಯ್ತು ನೋಡು ತಮಾ" ಅಂತ ಬರುತ್ತಲೇ ಇದ್ದರು.

ಅವರ ನಡುವೆ ಒಬ್ಬ ಹೆಂಗಸು ಬಂದಿದ್ದರು. ಬುಟ್ಟಿ ಹೊತ್ತು ಹಳ್ಳಿ ಮನೆಗಳಿಗೆ ಮೀನು ಮಾರುವವರು. ನಿನ್ನ ಅಮ್ಮನಿಗೂ ಗುರುತು ಇರಬಹುದು. ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಪಾಸ್‌ಬುಕ್ಕಿನ ಅಂಚು ಉಪ್ಪುನೀರಿಗೆ ಉಬ್ಬಿ ಹಾಳೆ ಅಂಟಿಕೊಂಡಿದ್ದವು. ಒಂದೊಂದೇ ಬಿಡಿಸಿ ಮೇಜಿನ ಮೇಲಿಟ್ಟು, "ತಮಾ, ನಂದು ಯಾವ್ದ್ರಲ್ಲಿ ಬರ್ತದೆ?" ಅಂದರು. ನಾನು ಸ್ಕ್ರೀನಿನಲ್ಲಿ ಮೇಲಿಂದ ಕೆಳಗೆ ನೋಡಿದೆ. ಕ್ಷೌರಿಕ, ಅಗಸ, ಚಾಲಕ. ಯಾವುದರಲ್ಲೂ ಅವರಿಗೆ ಜಾಗ ಇರಲಿಲ್ಲ. ಕಟ್ಟಡ ಕಾರ್ಮಿಕರಿಗೆ ಬೇರೆ ಇತ್ತು, ಅದು ಅವರ ಕಲ್ಯಾಣ ಮಂಡಳಿಯಲ್ಲಿ ಹೆಸರು ಹಚ್ಚಿದವರಿಗೆ. ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಪಿಎಂ ಸ್ವನಿಧಿ ಬಂತು, 10 ಸಾವಿರ ರೂಪಾಯಿ. ಅದು ಸಾಲ. ಅದೂ ಪಟ್ಟಣದ ವ್ಯಾಪಾರಿಗಳಿಗೆ. ಇವರು ಮಾರುವುದು ಹಳ್ಳಿಯಲ್ಲಿ. ಬಸ್ಸಿಲ್ಲ, ಟೆಂಪೋ ಇಲ್ಲ, ಎಷ್ಟೋ ಮನೆಯವರು ಗೇಟೇ ತೆಗೆಯುತ್ತಿರಲಿಲ್ಲ. ಅವರ ದುಡಿಮೆ ಪೂರಾ ನಿಂತಿತ್ತು. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ಕೆಲಸ ಕಳೆದುಕೊಂಡವರಲ್ಲ. ಯಾಕಂದ್ರೆ ಅವರು ಕೆಲಸ ಮಾಡುತ್ತಿದ್ದರು ಅಂತಲೇ ಎಲ್ಲೂ ಬರೆದಿರಲಿಲ್ಲ.

ಈ ಮಾತು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ನಮ್ಮ ಕರಾವಳಿಯಲ್ಲಿ ಇಂಥವರು ಒಬ್ಬಿಬ್ಬರಲ್ಲ. ಮೀನು ಒಣಗಿಸುವವರು, ಬೋಟಿನಿಂದ ಮಾಲು ಇಳಿಸುವವರು, ಗೋಕರ್ಣ, ಮುರ್ಡೇಶ್ವರದ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಯಕ್ಷಗಾನ ಮೇಳದಲ್ಲಿ ಪೆಟ್ಟಿಗೆ ಹೊರುವವರು. ಮೇಳಗಳ ತಿರುಗಾಟ ಮೇ ತಿಂಗಳವರೆಗೆ ಇರುವುದು, ಆ ವರ್ಷ ಮಾರ್ಚ್‌ನಲ್ಲೇ ಡೇರೆ ಬಿಚ್ಚಿದರು. 2021ರ ಪ್ಯಾಕೇಜಿನಲ್ಲಿ ಕಲಾವಿದರಿಗೆ 3 ಸಾವಿರ ಇತ್ತು. ಪೆಟ್ಟಿಗೆ ಹೊತ್ತವನು ಕಲಾವಿದ ಅಂತ ಎಲ್ಲಿ ಬರೆಸಬೇಕು?

ಬೋಟಿನವರಿಗೂ ಏಟು ಬಿತ್ತು. ಟ್ರಾಲ್ ಬೋಟಿನಲ್ಲಿ ದುಡಿಯುವ ಒಡಿಶಾ, ಜಾರ್ಖಂಡ್ ಹುಡುಗರು ಲಾಕ್‌ಡೌನ್‌ನಲ್ಲಿ ಊರಿಗೆ ಹೋದರು. ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾಗುವಾಗ ಜನ ಇಲ್ಲದೆ ಎಷ್ಟೋ ಬೋಟು ದಡದಲ್ಲೇ ಉಳಿದವು.

ಸರ್ಕಾರಿ ಕೆಲಸದವರನ್ನೆಲ್ಲ ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆಶಾ ಕಾರ್ಯಕರ್ತೆಯರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಒಂದು ಕೆಟ್ಟ ಮಾತು ನಾನು ಕೇಳಿಲ್ಲ. ಸಿದ್ದಾಪುರ ಕಡೆ ಅವರು ಮೊದಲೇ ಮಂಗನ ಕಾಯಿಲೆಗೆ ಮನೆಮನೆ ತಿರುಗುತ್ತಿದ್ದರು, ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತಿದ್ದರು. ಅದರ ಮೇಲೆ ಕೊರೊನಾ ಕೆಲಸ ಬಂತು. ಅದೇ ಹೆಂಗಸರು 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ರಾಜ್ಯವಿಡೀ ಕೆಲಸ ನಿಲ್ಲಿಸಿ ಕೇಳಬೇಕಾಯಿತು. ಚಪ್ಪಾಳೆ ತಟ್ಟಿದ್ದು ಮಾರ್ಚ್‌ನಲ್ಲಿ, ಮುಷ್ಕರ ಜುಲೈನಲ್ಲಿ.

ಭಟ್ಕಳವನ್ನೂ ನೆನೆಯಬೇಕು. ಜಿಲ್ಲೆಯಲ್ಲಿ ಮೊದಲು ಕೇಸು ಬಂದದ್ದು ಅಲ್ಲಿ, ಕೊಲ್ಲಿಯಿಂದ ಬಂದವರಲ್ಲಿ. ಊರನ್ನೇ ಸೀಲ್ ಮಾಡಿದರು. ವಾಟ್ಸಾಪಿನಲ್ಲಿ ಆ ಊರಿನ ಬಗ್ಗೆ ಏನೆಲ್ಲ ಹರಿದಾಡಿತು ಅಂತ ನಿನಗೆ ನೆನಪಿದೆ. ಆದರೆ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ಆಯಿತು, ಗುಣವಾಗಿ ಮನೆಗೆ ಬಂದರು. ಅಲ್ಲಿ ವ್ಯವಸ್ಥೆ ಗಟ್ಟಿಯಾಗಿ ನಿಂತಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಎರಡನೇ ಅಲೆಯಲ್ಲಿ ಮಾತ್ರ ಎಲ್ಲರ ಧೈರ್ಯ ಉಡುಗಿತು. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ 24 ಜನ ಸತ್ತರು ಅನ್ನುವ ಸುದ್ದಿ ಬಂದ ದಿನ ಇಲ್ಲಿ ಎಲ್ಲರೂ ಕೇಳಿದ್ದು ಒಂದೇ: ನಮಗೆ ಹಾಗಾದರೆ ಎಲ್ಲಿಗೆ ಓಡುವುದು? ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ ನಿಜ. ಆದರೂ ಜೀವಕ್ಕೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅನ್ನುವುದು ನಮ್ಮ ರೂಢಿ. ಲಾಕ್‌ಡೌನ್‌ನಲ್ಲಿ ಮಾಜಾಳಿ ಗಡಿ ಮುಚ್ಚಿದಾಗ ಕಾರವಾರದವರಿಗೆ ಗೋವಾ ಎಷ್ಟು ದೂರ ಅಂತ ಗೊತ್ತಾಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರಲ್ಲ, ಆಗ ಜಿಲ್ಲೆಯ ಹುಡುಗರೆಲ್ಲ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ದನಿ ಎತ್ತಿದರು. ಆ ಸಿಟ್ಟಿನಲ್ಲಿ ಕೊರೊನಾ ಕಾಲದ ಭಯವೂ ಸೇರಿತ್ತು ಅಂತ ನನ್ನ ಲೆಕ್ಕ.

ಓಟು ನೋಡಿದರೆ ಜನರ ಮನಸ್ಸು ತಿಳಿಯುತ್ತದೆ ಅಂತ ಬರೆದಿದ್ದೀಯ. 2018ರಲ್ಲಿ ಜಿಲ್ಲೆಯ 6 ಸೀಟಿನಲ್ಲಿ ಬಿಜೆಪಿಗೆ 4 ಇತ್ತು. 2023ರಲ್ಲಿ ಕಾಂಗ್ರೆಸ್ 4 ಗೆದ್ದಿತು. ಮರುವರ್ಷ ಲೋಕಸಭೆಗೆ ಬಿಜೆಪಿಯ ಕಾಗೇರಿಯವರು ಭಾರಿ ಅಂತರದಲ್ಲಿ ಗೆದ್ದರು. ಇದರಲ್ಲಿ ಕೊರೊನಾ ಬಗ್ಗೆ ಜನ ಏನು ತೀರ್ಪು ಕೊಟ್ಟರು ಅಂತ ಹೇಗೆ ಹುಡುಕುತ್ತೀಯ? ಜಾತಿ, ಅಭ್ಯರ್ಥಿ, ಗ್ಯಾರಂಟಿ, ಮೋದಿ ಎಲ್ಲ ಅದರಲ್ಲಿದೆ. ಜಿಡಿಪಿಯೂ ಅಷ್ಟೇ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಹತ್ತಿರ ಹತ್ತಿರ ಶೇ. 24ರಷ್ಟು ಕುಸಿದದ್ದು ಮರುವರ್ಷ ಮೇಲೆದ್ದಿತು. ಆ ಏರಿಕೆಯಲ್ಲಿ ಅಡಿಕೆ ಇದೆ. ಬುಟ್ಟಿಯ ಮೀನು ಎಷ್ಟಿದೆ?

ಸರ್ಕಾರ ತಿದ್ದಿಕೊಂಡ ಉದಾಹರಣೆಯೂ ಇದೆ, ಅದಕ್ಕೇ ನನಗೆ ಇನ್ನೂ ಆಸೆ ಇದೆ. 2021ರ ಮೇ 1ಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಲಸಿಕೆ ಅಂದಾಗ ಕೋವಿನ್ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕಿತ್ತು. ನಮ್ಮ ಹುಡುಗರು ಆನ್‌ಲೈನ್ ಕ್ಲಾಸಿಗೇ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕುತ್ತಿದ್ದವರು. ಸ್ಲಾಟು ಸಿಗುವಷ್ಟರಲ್ಲಿ ಖಾಲಿ. ಜೂನ್ 21ರಿಂದ ಎಲ್ಲರಿಗೂ ಪುಕ್ಕಟೆ ಲಸಿಕೆ ಅಂತ ಕೇಂದ್ರ ಹೇಳಿತು, ಬುಕ್ ಮಾಡದೆ ನೇರ ಹೋದವರಿಗೂ ಹಾಕಿದರು. ಆಮೇಲೆ ನೋಡು, ಶಾಲೆ ಜಗಲಿಯಲ್ಲಿ ಕೂತು ಊರಿಗೆ ಊರೇ ಹಾಕಿಸಿಕೊಂಡಿತು. ಕಾಗದ ಕಮ್ಮಿ ಮಾಡಿದರೆ ಕೆಲಸ ಆಗುತ್ತದೆ.

2021ರ ಆಗಸ್ಟ್‌ನಲ್ಲಿ ಇ–ಶ್ರಮ್ ಬಂತು, ಅಸಂಘಟಿತ ಕಾರ್ಮಿಕರ ಹೆಸರು ಹಚ್ಚಲು. ಇದು ಸರಿಯಾದ ದಾರಿ. ನಾನೂ ಸುಮಾರು ಜನರಿಗೆ ಮಾಡಿಕೊಟ್ಟೆ, ಆ ಮೀನಿನ ಅಕ್ಕನಿಗೂ. ಕಾರ್ಡು ಲ್ಯಾಮಿನೇಟ್ ಮಾಡಿಸಿಕೊಂಡು ಹೋದರು. ಆದರೆ ಬರೀ ಕಾರ್ಡು ಸಾಲದು. ಮುಂದಿನ ಸಲ ಏನಾದರೂ ಬಂದರೆ, ರೋಗವೋ ನೆರೆಯೋ, ಇದೇ ಪಟ್ಟಿ ನೋಡಿ ವಾರದೊಳಗೆ ಖಾತೆಗೆ ಹಣ ಹಾಕುತ್ತೇವೆ ಅಂತ ಸರ್ಕಾರ ಈಗಲೇ ನಿಯಮ ಮಾಡಬೇಕು. ಪಂಚಾಯ್ತಿಯವರು ವರ್ಷಕ್ಕೊಮ್ಮೆ ಕೇರಿ ಕೇರಿಗೆ ಹೋಗಿ ಯಾರು ಏನು ಕಸಬು ಮಾಡುತ್ತಾರೆ ಅಂತ ಬರೆದುಕೊಳ್ಳಬೇಕು. ಗೇಣಿ ಮಾಡುವವನ ಹೆಸರೂ ಅದರಲ್ಲಿರಬೇಕು. ಗ್ರಾಮಸಭೆಯಲ್ಲಿ ಈ ವಿಷಯ ಎತ್ತೋಣ ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಅರ್ಜಿ ನಾನೇ ಟೈಪ್ ಮಾಡುತ್ತೇನೆ.

ನೀನು ಒಂದು ಕೆಲಸ ಮಾಡು. ಇಲ್ಲಿಯದು ಕಣ್ಣಾರೆ ನೋಡಿದ್ದರಿಂದ ಬರೆದೆ. ಬೆಂಗಳೂರಿನಲ್ಲಿ ಹೇಗಾಯಿತು ಅನ್ನುವುದು ನನಗೆ ಬೇಕು. ನಿನಗೆ ಕೂದಲು ಕತ್ತರಿಸುವವನಿಗೆ, ನಿನ್ನ ಬೀದಿಯ ಇಸ್ತ್ರಿಯವನಿಗೆ ಆ 5 ಸಾವಿರ ಬಂತಾ, ಬಂದಿದ್ದರೆ ಯಾವ ತಿಂಗಳು ಬಂತು, ಬರದಿದ್ದರೆ ಯಾವ ಕಾಗದ ಇಲ್ಲ ಅಂದರು, ಕೇಳಿ ಬರೆ. ಗ್ರಾಮಸಭೆಗೆ ಮೊದಲು ನಿನ್ನ ಪತ್ರ ಸಿಕ್ಕಿದರೆ ಅದನ್ನೂ ಅಲ್ಲಿ ಓದುತ್ತೇನೆ.

ನಿನ್ನ,
ಕುಮಟಾದ ಗೆಳೆಯ